ಕಾಡಿಗೆ ಹಚ್ಚಿದ ಸೈಕಲ್ ದೀಪ

ಪುಣೆಯ ಕೋರ್ಟಿನ ಯಾವುದೋ ಹಳೆಯ ರಿಜಿಸ್ಟರಿನಲ್ಲಿ ನನ್ನ ಹೆಸರಿದೆ. ಗೆದ್ದಲು ತಿಂದಿರದಿದ್ದರೆ ಇವತ್ತಿಗೂ ಇರಬೇಕು. ಆರೋಪಿ ನಾನು, ಅಪರಾಧ, ಸರ್ಕಾರದ ಹುಕುಮಿಗೆ ವಿರುದ್ಧವಾಗಿ ಸೈಕಲ್ಲಿನ ದೀಪ ಉರಿಸಿದ್ದು. ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ನಾನೇ. ಇದನ್ನೆಲ್ಲ ಹೇಳಿಕೊಂಡು ತಿರುಗಬೇಡ ಎಂದು ಮಗಳು ಗದರುತ್ತಾಳೆ. ನಾನು ಮಾತ್ರ ಮನೆಗೆ ಬಂದ ಬೀಗರಿಗೆಲ್ಲ ಚಹಾದ ಜೊತೆಗೆ ಇದನ್ನೇ ಕೊಡುತ್ತೇನೆ.

ಅದು ಯುದ್ಧದ ಕಾಲ. ವಿಜಾಪುರದ ಕಡೆಯಿಂದ ಲಗ್ನವಾಗಿ ಬಂದ ನಾನು ಸದಾಶಿವ ಪೇಠದಲ್ಲಿ ಹತ್ತಾರು ಸಂಸಾರಗಳ ಒಂದು ವಾಡೆಯಲ್ಲಿದ್ದೆ. ಎರಡು ಖೋಲಿಗಳಲ್ಲಿ ಅತ್ತೆ, ಮಾವ, ಗಂಡ, ನಾನು. ವಾಡೆಯ ತುಂಬ ಮರಾಠಿ ಮನೆಗಳು, ಕನ್ನಡದ್ದು ನಮ್ಮದೊಂದೇ. ನರ್ಸಿನ ಕೆಲಸ ಕಲಿತು ಹೊಳೆಯಾಚೆಯ ಹೆರಿಗೆ ಆಸ್ಪತ್ರೆಗೆ ಸೇರಿದ್ದೆ. ಕರೆ ಬಂದ ಅರ್ಧ ತಾಸಿನೊಳಗೆ ಬರುವುದಾದರೆ ಇರು, ಇಲ್ಲವಾದರೆ ನಿನ್ನ ಜಾಗಕ್ಕೆ ಬೇರೆಯವರು ಕಾದಿದ್ದಾರೆ ಎಂದು ಅಲ್ಲಿಯ ಮೇಟ್ರನ್ ಮೊದಲ ದಿನವೇ ಹೇಳಿದ್ದಳು. ಟಾಂಗಾದವರು ಬೇಕೆಂದಾಗ ಸಿಗುವ ಜನರಲ್ಲ. ಹಾಗಾಗಿ ನನ್ನ ಪಗಾರದಲ್ಲಿ ಒಂದು ಹಳೆಯ ಸೈಕಲ್ ಕೊಂಡೆ. ಕಚ್ಚೆ ಸೀರೆ ಉಡುವವಳಿಗೆ ಸೈಕಲ್ ಕಲಿಯುವುದು ಏನೂ ಕಷ್ಟವಲ್ಲ. ಎರಡು ಸಲ ಬಿದ್ದೆ, ಮೂರನೆಯ ಸಲ ಹೊಳೆಯ ಮೇಲಿನ ಸೇತುವೆ, ಲಕಡಿ ಪೂಲು, ದಾಟಿದೆ.

ವಾಡೆಯ ಕಟ್ಟೆಯ ಮೇಲೆ ಕೂತವರ ಬಾಯಿಗೆ ಕೆಲಸ ಸಿಕ್ಕಿತು. ಆದರೆ ಮಾವನವರು ಅಡ್ಡಿ ಮಾಡಲಿಲ್ಲ. ಅವರು ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ರಿಜಿಸ್ಟರ್ ಬರೆದು ಪೆನ್ಶನ್ ಆದವರು. ಧೋಬಿಗೆ ಹಾಕುವ ಬಟ್ಟೆಯ ಪಟ್ಟಿಗೂ ಗೆರೆ ಹೊಡೆದು ಖಾನೆ ಮಾಡುತ್ತಿದ್ದರು. ಒಂದು ಖಾನೆ ಖಾಲಿ ಉಳಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಸೈಕಲ್ ಮನೆಗೆ ಬಂದ ದಿನ ಕರೆದು ಹೇಳಿದರು:

“ನೋಡವಾ, ಸೈಕಲ್ ಹೊಡಿ. ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ನಮ್ಮ ಮನಿ ಸೊಸಿ ಹೆಸರು ಪೊಲೀಸರ ಬುಕ್ಕಿನಾಗ ಬಿತ್ತಂದ್ರ, ಅವತ್ತಿಗೆ ಸೈಕಲ್ ಮಾರೋದು.”

“ಹೂನ್ರಿ ಮಾವಾರ,” ಎಂದೆ. ಅವರು ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಸೈಕಲ್ ಹೋದರೆ ನೌಕರಿಯೂ ಹೋಯಿತು ಎಂಬುದು ನನಗೆ ಗೊತ್ತಿತ್ತು.

ಆಮೇಲೆ ಹುಕುಂ ಬಂತು. ವೈರಿಯ ವಿಮಾನಗಳಿಗೆ ಊರು ಕಾಣಬಾರದು. ಆದ್ದರಿಂದ ಮೋಟಾರು, ಟಾಂಗಾ, ಸೈಕಲ್ಲು, ಯಾವ ಗಾಡಿಯೇ ಇರಲಿ, ದೀಪದ ಗಾಜಿನ ಮೇಲಿನ ಅರ್ಧ ಕಪ್ಪಾಗಿರಬೇಕು, ಬೆಳಕು ನೆಲಕ್ಕೆ ಮಾತ್ರ ಬೀಳಬೇಕು. ಮಂಡೈ ಮಾರುಕಟ್ಟೆಯಲ್ಲಿ ಡಂಗುರ ಹೊಡೆದು ಹೇಳಿದರು. ಎರಡೇ ದಿನದಲ್ಲಿ ಪೇಟೆಯ ಅಂಗಡಿಗಳಲ್ಲಿ ಕಪ್ಪು ಬಣ್ಣ ಮುಗಿದುಹೋಯಿತು. ಸೈಕಲ್ ಅಂಗಡಿಯವನು ಮುಂದಿನ ವಾರ ಬನ್ನಿ ಎಂದ. ಮುಂದಿನ ವಾರದವರೆಗೆ ಹುಟ್ಟುವ ಕೂಸುಗಳು ಕಾಯುತ್ತವೆಯೇ?

ನನಗೆ ನಗು ಬಂತು. ಕಪ್ಪಿಗೆ ನಮ್ಮ ಮನೆಯಲ್ಲಿ ಬರವೇ? ಔಡಲೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಾಟು ಡಬ್ಬು ಹಾಕಿ, ಮಸಿ ಹಿಡಿದು, ಬೆಣ್ಣೆಯಲ್ಲಿ ಕಲಸಿ ಕಾಡಿಗೆ ಮಾಡುವುದರಲ್ಲಿ ನಮ್ಮ ಅತ್ತೆಯವರನ್ನು ಮೀರಿಸುವವರು ಆ ವಾಡೆಯಲ್ಲಿ ಇರಲಿಲ್ಲ. ಡಬ್ಬಿಯಿಂದ ಬೆರಳ ತುಂಬ ತೆಗೆದು ದೀಪದ ಗಾಜಿನ ಮೇಲಿನ ಅರ್ಧಕ್ಕೆ ನುಣ್ಣಗೆ ಬಳಿದೆ. ಗೆರೆ ಹೊಡೆದ ಹಾಗೆ ಬಂತು. ಅತ್ತೆಯವರು ಹಣಿಕಿ ನೋಡಿ, “ದೀಪಕ್ಕೂ ದೃಷ್ಟಿ ಆಗಬಾರದಂತ ಹಚ್ಚಿದೇನ?” ಎಂದು ನಕ್ಕರು. ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಹೀರೇಕಾಯಿಯಾದೆ.

ಒಂದು ಮಾತು ಮರೆತಿದ್ದೆ. ನನ್ನದು ಚಿಮಣಿ ಎಣ್ಣೆಯ ದೀಪ. ಹಚ್ಚಿದ ಸ್ವಲ್ಪ ಹೊತ್ತಿಗೆ ಗಾಜು ಕಾಯುತ್ತದೆ. ಕಾಯ್ದ ಗಾಜಿನ ಮೇಲೆ ಬೆಣ್ಣೆ ನಿಲ್ಲುತ್ತದೆಯೇ?

ಅವತ್ತು ಡ್ಯೂಟಿ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಹೊರಟೆ. ಪೂಲಿನ ಈಚೆ ತುದಿಯಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಇಳಿದು ನೋಡಿದರೆ ಕಾಡಿಗೆಯೆಲ್ಲ ಕರಗಿ ಕೆಳಗಿಳಿದಿದೆ. ಗಾಜಿನ ಮೇಲಿನ ಅರ್ಧ ನಿಚ್ಚಳ, ಕೆಳಗಿನ ಅರ್ಧ ಕಗ್ಗಪ್ಪು. ನೆಲಕ್ಕೆ ಒಂದು ಹನಿ ಬೆಳಕಿಲ್ಲ, ಇದ್ದದ್ದೆಲ್ಲ ಆಕಾಶಕ್ಕೆ ಹೊರಟಿದೆ.

“ಕಾಯ್ ಬಾಯಿ,” ಎಂದ ಅವನು. ಅವನ ಮರಾಠಿಯ ಅರ್ಥ, ಏನಮ್ಮಾ, ವಿಮಾನದವರಿಗೆ ನೀವೇ ಹಾದಿ ತೋರಿಸುತ್ತಿದ್ದೀರಾ ಎಂದು. ಏನು ಬಳಿದಿದ್ದೀರಿ ಎಂದು ಕೇಳಿದ. ಕಾಡಿಗೆ ಎಂದೆ. ಮೂಸಿ ನೋಡಿ ತಲೆ ಚಚ್ಚಿಕೊಂಡ. ಕೆಟ್ಟವನೇನಲ್ಲ. ಬುಕ್ಕು ತೆಗೆದವನು ನನ್ನ ಕರಿಮಣಿ ಸರ ನೋಡಿ ದನಿ ಇಳಿಸಿದ. ಹೆಂಗಸರ ಹೆಸರು ಕೋರ್ಟಿಗೆ ಹೋಗುವುದು ಚೆಂದವಲ್ಲ, ಸೈಕಲ್ ಯಜಮಾನರದ್ದು, ದೀಪ ಅವರೇ ಹೀಗೆ ಮಾಡಿಟ್ಟಿದ್ದರು ಎಂದುಬಿಡಿ, ಅವರ ಹೆಸರು ಬರೆದುಕೊಳ್ಳುತ್ತೇನೆ ಎಂದ.

ಆ ಕ್ಷಣ ಆಸೆಯಾದದ್ದು ನಿಜ. ನನ್ನ ಗಂಡ ಸಾಧು ಪ್ರಾಣಿ, ಕೇಳಿದರೆ ಹೂಂ ಅನ್ನುತ್ತಿದ್ದರು. ನನ್ನ ಹೆಸರು ಬುಕ್ಕಿನಲ್ಲಿ ಬೀಳುವುದಿಲ್ಲ, ಮಾವನವರ ಷರತ್ತು ಮುರಿಯುವುದಿಲ್ಲ, ಸೈಕಲ್ ಉಳಿಯುತ್ತದೆ. ಬಾಯಿಯವರೆಗೆ ಬಂದ ಮಾತು ಹೊರಗೆ ಬರಲಿಲ್ಲ. ನನ್ನ ದುಡಿಮೆಯ ಸೈಕಲ್ಲು, ನಾನು ಬಳಿದ ಕಾಡಿಗೆ, ನನ್ನ ದಡ್ಡತನ. ಇದರಲ್ಲಿ ಗಂಡನದ್ದೇನಿದೆ? ಮಾಡಿದ್ದುಣ್ಣೋ ಮಹಾರಾಯ ಅನ್ನುವ ಮಾತು ಮಹಾರಾಯನಿಗಷ್ಟೇ ಹೇಳಿದ್ದಲ್ಲ.

“ಸೈಕಲ್ ನನ್ನದು. ಹಚ್ಚಿದವಳೂ ನಾನೇ. ನನ್ನ ಹೆಸರೇ ಬರೆದುಕೊಳ್ಳಿ,” ಎಂದೆ. ಅವನು ನನ್ನನ್ನು ಒಂದು ನಮೂನೆಯಾಗಿ ನೋಡಿ, ಬರೆದುಕೊಂಡು, ದೀಪವನ್ನು ಕಿತ್ತುಕೊಂಡು ಹೋದ. ಮನೆಯವರೆಗೆ ಸೈಕಲ್ ತಳ್ಳಿಕೊಂಡು ನಡೆದೆ.

ಮಾವನವರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಪೊಲೀಸ ತೋರಿಸಿದ ಅಡ್ಡಹಾದಿಯನ್ನೂ ಹೇಳಿದೆ. ಅವರು, “ಸೈಕಲ್ ಒಳಗ ತಂದಿಡು. ಕೋರ್ಟಿಂದು ಮುಗೀಲಿ, ಆಮ್ಯಾಲ ಗಿರಾಕಿ ನೋಡೋಣ,” ಎಂದು ಪಂಚಾಂಗ ಬಿಚ್ಚಿ ಕೂತರು. ಅತ್ತೆಯವರು ಅಡಿಗೆಮನೆಯಿಂದ, “ಕಾಡಗಿ ನಂದರಿ, ನನ್ನ ಹೆಸರೂ ಬರಸ್ರಿ ಹಂಗಾರ,” ಎಂದು ಸಿಡುಕಿದರು.

ಕೋರ್ಟಿನ ತಾರೀಖಿನವರೆಗೆ ಆಸ್ಪತ್ರೆಗೆ ನಡೆದೇ ಹೋದೆ. ನಡೆದೆ ಅನ್ನುವುದಕ್ಕಿಂತ ಓಡಿದೆ. ಒಂದು ದಿನ ನಾನು ಮುಟ್ಟುವುದರೊಳಗೆ ಕೂಸು ಹುಟ್ಟಿಯೇ ಬಿಟ್ಟಿತ್ತು. ತಾಯಿ, ಮಗು ಸುಖವಾಗಿದ್ದರು, ಆದರೆ ಮೇಟ್ರನ್ ಗೋಡೆಯ ಗಡಿಯಾರದತ್ತ ಬೆರಳು ಮಾಡಿ, ಇನ್ನೊಂದು ಸಲ ಹೀಗಾದರೆ ಬರಲೇಬೇಡ ಎಂದಳು.

ತಾರೀಖಿನ ದಿನ ಮಾವನವರು ಕೋಟು ತೊಟ್ಟು, ರುಮಾಲು ಸುತ್ತಿ, ತಾವೇ ಜೊತೆಗೆ ಹೊರಟರು. ವಾಡೆಯ ಕಟ್ಟೆ ಪೂರ್ತಿ ತುಂಬಿತ್ತು. ಕೋರ್ಟಿನಲ್ಲಿ ಸಾಕ್ಷಿಯೆಂದು ನನ್ನ ದೀಪವನ್ನು ಮೇಜಿನ ಮೇಲಿಟ್ಟಿದ್ದರು. ಕಾಡಿಗೆ ಸೋರಿ ಒಣಗಿದ ಆ ದೀಪ ಅತ್ತು ಮುಖ ಒರೆಸಿಕೊಳ್ಳದ ಕೂಸಿನ ಹಾಗೆ ಕಾಣುತ್ತಿತ್ತು. ಮ್ಯಾಜಿಸ್ಟ್ರೇಟರು ತಪ್ಪು ಒಪ್ಪುತ್ತೀಯಾ ಎಂದು ಕೇಳಿದರು. ಒಪ್ಪುತ್ತೇನೆ, ಕಾಯಿದೆ ಮುರಿಯಬೇಕೆಂದು ಹಚ್ಚಿದ್ದಲ್ಲ, ಪಾಲಿಸಬೇಕೆಂದೇ ಹಚ್ಚಿದ್ದು, ಕರಗುತ್ತದೆಂದು ತಿಳಿಯದ್ದು ನನ್ನ ತಪ್ಪು ಎಂದೆ. ಹಿಂದೆ ಕೂತವರು ನಕ್ಕರು. ಮ್ಯಾಜಿಸ್ಟ್ರೇಟರ ಮೀಸೆಯ ಕೆಳಗೂ ನಗು ಸುಳಿಯಿತು. ಹುಕುಂ ಹುಕುಮೇ ಎಂದು ಹೇಳಿ ಸಣ್ಣ ದಂಡ ಹಾಕಿ, ದೀಪವನ್ನು ತಿರುಗಿ ಕೊಡಿಸಿದರು.

ಗುಮಾಸ್ತ ರಿಜಿಸ್ಟರ್ ತುಂಬಿಸತೊಡಗಿದ. ನನ್ನ ಹೆಸರು, ಗಂಡನ ಹೆಸರು, ವಯಸ್ಸು, ಪೇಠ. ಉದ್ಯೋಗ ಎಂಬಲ್ಲಿ ನನ್ನತ್ತ ನೋಡಲೂ ಇಲ್ಲ, ಒಂದು ಅಡ್ಡಗೆರೆ ಎಳೆಯಲು ಹೋದ.

“ತಡೀರಿ!”

ಮಾವನವರು ಎದ್ದು ನಿಂತಿದ್ದರು. ಇಡೀ ಕೋರ್ಟು ಹೊರಳಿ ನೋಡಿತು. ಕನ್ನಡದ ವಾಸನೆ ಬಡಿಯುವ ತಮ್ಮ ಮರಾಠಿಯಲ್ಲಿ ಅವರು ಹೇಳಿದ್ದು ನನ್ನ ಕಿವಿಗೆ ನಮ್ಮ ಮಾತಿನಲ್ಲೇ ಬಿತ್ತು: “ಅಲ್ಲಿ ಗೆರಿ ಎಳೀಬ್ಯಾಡ್ರಿ. ಆ ಖಾನೆ ಖಾಲಿ ಇಲ್ಲ. ಆಕಿಗೆ ಉದ್ಯೋಗ ಅದ. ನರ್ಸ್, ಹೆರಿಗಿ ಆಸ್ಪತ್ರಿ, ಅಂತ ಪೂರ್ತಿ ಬರೀರಿ.”

ಗುಮಾಸ್ತ ಮ್ಯಾಜಿಸ್ಟ್ರೇಟರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬರೆದ. ಮಾವನವರು ಮುಂದೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಅಕ್ಷರ ಸರಿಯಾಗಿವೆಯೇ ಎಂದು ಓದಿ ನೋಡಿದ ಮೇಲೆಯೇ ಕೂತರು. ನನ್ನ ಕಣ್ಣು ತುಂಬಿತು. ದಂಡ ಬಿದ್ದ ಯಾರೂ ಅಷ್ಟು ಹೆಮ್ಮೆಯಿಂದ ಆ ಕೋರ್ಟಿನಲ್ಲಿ ಎಂದೂ ನಿಂತಿರಲಿಕ್ಕಿಲ್ಲ.

ಹೊರಗೆ ಬಂದು ಇಬ್ಬರೂ ಮನೆಯ ಹಾದಿ ಹಿಡಿದೆವು. ಧೈರ್ಯ ಮಾಡಿ ನಾನೇ ಕೇಳಿದೆ: “ಮಾವಾರ, ಸೈಕಲ್ಲಿಗೆ ಗಿರಾಕಿ ಸಿಕ್ಕಾರೇನ್ರಿ?”

ಅವರು ನಿಂತರು. ಕೋಟಿನ ಕಿಸೆಯಿಂದ ನಶ್ಯದ ಡಬ್ಬಿ ತೆಗೆದು, ಉಳಿದ ನಶ್ಯವನ್ನು ರಸ್ತೆಯ ಬದಿಗೆ ಜಾಡಿಸಿ, ಡಬ್ಬಿಯ ತಗಡಿನ ಮುಚ್ಚಳವನ್ನು ನನ್ನ ಕೈಯಲ್ಲಿಟ್ಟರು.

“ಇದನ್ನ ಅರ್ಧಕ್ಕ ಕತ್ತರಿಸಿ ದೀಪಕ್ಕ ಕೂಡಸು. ಕರಗೂದಿಲ್ಲ. ಸೈಕಲ್ ಮಾರಿದ್ರ ನಿನ್ನ ನೌಕರಿ ಹೋಗತದ. ನೌಕರಿ ಹೋದ್ರ ಆ ಖಾನೆದಾಗ ನಾ ಬರಿಸಿದ್ದು ಸುಳ್ಳಾಗತದ. ಮೂವತ್ತು ವರ್ಷದಾಗ ಒಂದ ರಿಜಿಸ್ಟರಿನ್ಯಾಗೂ ನಾ ಸುಳ್ಳು ಬರೆದಿಲ್ಲವಾ.”

ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಡ್ಯೂಟಿ ಇತ್ತು. ಕಟ್ಟೆಯ ಮೇಲೆ ಕೂತವರ ಎದುರಿಗೇ ಮಾವನವರು ಸೈಕಲ್ಲನ್ನು ಹೊರಗೆ ತಂದು ಹಿಡಿದುಕೊಂಡರು, ನಾನು ಹತ್ತಿದೆ.