ಕುದುರೆಮುಖಕ್ಕೆ ಯಾವ ತಿಂಗಳು ಒಳ್ಳೆಯದು?

ಸ್ನೇಹಿತರೇ, ಕುದುರೆಮುಖ ರಾಷ್ಟ್ರೀಯ ಉದ್ಯಾನ ನೋಡಲು ಅಕ್ಟೋಬರ್ ಕೊನೆಯೇ ಒಳ್ಳೆಯದೆಂದು ನಾನು ನಂಬಿದ್ದೆ. ಮಳೆ ಇಳಿದಿರುತ್ತದೆ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳ ಕಾಟ ಕಡಿಮೆ, ಗುಡ್ಡದ ಹುಲ್ಲು ಇನ್ನೂ ಹಸಿರು. ಇವತ್ತು ಭದ್ರಾವತಿಯಲ್ಲಿ ನನ್ನ ಗಂಡನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೂ ಒಪ್ಪಿದರು.

ಆಮೇಲೆ ಅತ್ತಿಗೆ ಗೋಡೆಯ ಕ್ಯಾಲೆಂಡರ್ ತೆಗೆದು ಹದಿನಾರು ವರ್ಷದ ನನ್ನ ಮಗಳನ್ನು, ಗಂಡಸರ ಎದುರಿಗೇ, ಕೇಳಿದರು: "ಪುಟ್ಟಿ, ನಿನ್ನ ಡೇಟ್ ಯಾವಾಗ? ದಾರೀಲಿ ದೇವಸ್ಥಾನಕ್ಕೂ ಹೋಗ್ತೀವಲ್ಲ."

ಅವಳು ತಟ್ಟೆ ನೋಡುತ್ತಾ, "ಅದೇ ವಾರ ಅತ್ತೆ" ಎಂದಳು.

"ಅದಕ್ಕೇನು, ಮುಂದಕ್ಕೆ ಹಾಕೋ ಮಾತ್ರೆ ತಗೊಂಡ್ರಾಯ್ತು. ನಿಮ್ಮಮ್ಮ ತಗೊಳ್ಳಲ್ವಾ?"

ತಗೊಂಡಿದ್ದೇನೆ. ಪ್ರತಿ ಮದುವೆಗೂ, ಪ್ರತಿ ಪೂಜೆಗೂ, ತಲೆ ಸುತ್ತಿದರೂ ಬಾಯಿ ಬಿಡದೆ. ಮಗಳಿಗೆ ಅದನ್ನು ಕಲಿಸಿಕೊಟ್ಟವಳು ನಾನೇ ಅಲ್ಲವೇ ಎಂದು ಮೈಯೆಲ್ಲ ಉರಿಯಿತು.

"ಅವಳಿಗೆ ಮಾತ್ರೆ ಕೊಡಲ್ಲ ಅತ್ತಿಗೆ. ದೇವಸ್ಥಾನಕ್ಕೆ ನೀವು ಹೋಗ್ಬನ್ನಿ, ನಾವಿಬ್ರೂ ಹೊರಗೆ ಕಾಯ್ತೀವಿ."

"ಒಂದು ಮಾತ್ರೆಗೆ ಇಷ್ಟು ರಂಪನಾ ಮಾರಾಯ್ತಿ!"

ನನ್ನ ಗಂಡ ಮೊಬೈಲಿನಿಂದ ತಲೆ ಎತ್ತದೆ ರಾಜಿಗೆ ಬಂದರು: "ನವೆಂಬರ್ ಮೊದಲನೇ ವಾರ ಇಟ್ಕೊಳ್ಳೋಣ ಬಿಡಿ."

ಈಗ ಮಗಳು ತಲೆ ಎತ್ತಿದಳು. "ಆಗ ಅಮ್ಮನ ಡೇಟ್ ಇರುತ್ತೆ ಅಪ್ಪ."

ಅತ್ತಿಗೆ ಕ್ಯಾಲೆಂಡರನ್ನು ಮತ್ತೆ ಗೋಡೆಗೆ ನೇತುಹಾಕಿದರು. ಶಿವಮೊಗ್ಗಕ್ಕೆ ವಾಪಸಾಗುವ ಬಸ್ಸಿನಲ್ಲೇ ಅಕ್ಟೋಬರ್ ಕೊನೆಗೆ ಒಂದು ರೂಮ್ ಬುಕ್ ಮಾಡಿದೆ, ನನಗೆ ಮತ್ತು ಮಗಳಿಗೆ.

ಇಂಬಳಗಳು ಇದ್ದರೆ ಇರಲಿ. ಅವು ಯಾರ ಡೇಟನ್ನೂ ಕೇಳುವುದಿಲ್ಲ.