ಬೆನ್ನ ಹಿಂದಿನ ನೆರಿಗೆ

ಬೆಳಿಗ್ಗೆ ರೋಹಿಣಿ ಬಡಾವಣೆಯ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ, ಸಂಜೆ ಪೀತಮ್‌ಪುರದ ಸೊಸೈಟಿ ಹಾಲ್‌ನಲ್ಲಿ ಹೆಂಗಸರಿಗೆ ಏರೋಬಿಕ್ಸ್. ನಮ್ಮ ಕಡೆಗೆ ಮೆಟ್ರೊ ಬಂದ ಹೊಸದರಲ್ಲಿ ನನ್ನ ದಿನ ಹೀಗಿತ್ತು. ಆಸ್ಪತ್ರೆಯಲ್ಲಿ ಮೆಲ್ಲಗೆ ಮಾತಾಡಬೇಕು, ಹಾಲ್‌ನಲ್ಲಿ ಹಾಡಿಗಿಂತ ಜೋರಾಗಿ ಕೂಗಬೇಕು. ಎರಡೂ ಕಡೆ ನಗುತ್ತಿರಬೇಕು. ನಗುತ್ತಿದ್ದೆ. ಒಳಗೆ ಏನೂ ಅನಿಸುತ್ತಿರಲಿಲ್ಲ. ಮುಟ್ಟಿ ಮುಟ್ಟಿ, ಯಾರ ಬೆನ್ನಾದರೂ ನನಗೆ ಬರೀ ಬೆನ್ನಾಗಿತ್ತು.

ಆ ವರ್ಷ ಅತ್ತೆಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಗಂಡ ಸೈನ್ಯದಲ್ಲಿ, ಗಡಿಯ ಕಡೆ ಪೋಸ್ಟಿಂಗ್, ಮನೆಯಲ್ಲಿ ನಾವಿಬ್ಬರೇ. ನನಗೆ ಅಳು ಬರಲಿಲ್ಲ. ರೋಗಿಗಳ ಸಾಲಿಗೆ ಇನ್ನೊಬ್ಬರು ಸೇರಿದರು ಎಂದುಕೊಂಡೆ, ಅಷ್ಟೆ.

ಅತ್ತೆ ಕೊಡಗಿನವರು. ಅವರ ಸೀರೆಯ ನೆರಿಗೆ ಇರುವುದು ಹಿಂದುಗಡೆ. ನಾನು ಮೈಸೂರಿನವಳು, ನನ್ನದು ಮುಂದೆ. ಮದುವೆಯಾಗಿ ಬಂದ ಮೇಲೂ ಅವರು ನನಗೆ ಆ ಉಡುಗೆ ಕಲಿಸಲಿಲ್ಲ. "ಕುಣಿಸೋ ಕೆಲಸದವಳಿಗೆ ಇದೆಲ್ಲ ಯಾಕೆ?" ಎಂದಿದ್ದರು ಒಮ್ಮೆ. ನಾನೂ ಕೇಳಲು ಹೋಗಲಿಲ್ಲ. ಹಿಂದೆ ನೆರಿಗೆ ಸಿಕ್ಕಿಸಲು ಎರಡೂ ಕೈ ಬೆನ್ನ ಹಿಂದಕ್ಕೆ ಹೋಗಬೇಕು. ಲಕ್ವ ಹೊಡೆದ ಮೇಲೆ ಅತ್ತೆಯ ಎಡಗೈ ಸೊಂಟವನ್ನೂ ದಾಟುತ್ತಿರಲಿಲ್ಲ. ಹಾಗಾಗಿ ದಿನವಿಡೀ ನೈಟಿ.

ಹುತ್ತರಿ ಹಬ್ಬಕ್ಕೆ ವಸಂತ್ ಕುಂಜ್‌ನಲ್ಲಿ ಕೊಡಗಿನ ಮನೆಯವರೆಲ್ಲ ಸೇರುತ್ತಾರೆ. ಅತ್ತೆ ಒಂದು ಸಲವೂ ತಪ್ಪಿಸಿದವರಲ್ಲ. "ನನ್ನ ಕೈಯಾರೆ ಸೀರೆ ಉಟ್ಟರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ" ಎಂದರು. "ಇನ್ನೊಬ್ಬರು ಉಡಿಸೋದು ಹೆಣಕ್ಕೆ."

ಮನೆಯಲ್ಲಿ ನಾನು ಹೇಳಿಕೊಟ್ಟ ವ್ಯಾಯಾಮ ಮಾತ್ರ ಮಾಡುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಬೆಳಗಿನ ಹೊತ್ತು ಕೆಲಸದವಳಿರುತ್ತಿದ್ದಳು. ಸಂಜೆ ಒಬ್ಬರನ್ನೇ ಬಿಟ್ಟುಹೋಗುವಂತಿಲ್ಲದೆ ಆಟೋದಲ್ಲಿ ಕ್ಲಾಸಿಗೆ ಕರೆದೊಯ್ಯತೊಡಗಿದೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು.

ಕ್ಲಾಸಿನ ಕೊನೆಗೆ ಟವಲಿನ ವ್ಯಾಯಾಮವಿತ್ತು. ಬೆನ್ನ ಹಿಂದೆ ಟವಲಿನ ಎರಡು ತುದಿ ಹಿಡಿದು, ಹೆಗಲ ಮೇಲಿನ ಕೈಯಿಂದ ಸೊಂಟದ ಹತ್ತಿರದ ಕೈಯನ್ನು ಮೇಲಕ್ಕೆಳೆಯುವುದು. ಪಕ್ಕದಲ್ಲಿದ್ದ ಪಂಜಾಬಿ ಆಂಟಿ, "ಚಲೋ ಮಾತಾಜಿ, ಆಪ್ ಭೀ!" ಎಂದು ಅತ್ತೆಯ ಎಡ ಬೆರಳಿಗೆ ಟವಲ್ ಸುತ್ತಿಯೇಬಿಟ್ಟರು. ಬಿದ್ದ ಹೆಗಲನ್ನು ಜೋರಾಗಿ ಎಳೆಯಬಾರದು. "ಧೀರೇ, ಧೀರೇ" ಎಂದು ಮುಂದಿನಿಂದ ಕೂಗಿ, ಮತ್ತೆ ಎಣಿಕೆ ಮುಂದುವರಿಸಿದೆ. ಅತ್ತೆ ಎಳೆದರು. ಮಾರನೆಯ ದಿನ ತಾವೇ ಟವಲ್ ತಂದರು. ಹಬ್ಬ ಹತ್ತಿರವಾಗುವಷ್ಟರಲ್ಲಿ ಕೈ ಸೊಂಟ ದಾಟಿತು. ನನಗೆ ಸಂತೋಷವಾಗಬೇಕಿತ್ತು. ಪರವಾಗಿಲ್ಲ, ಭುಜ ಸಡಿಲವಾಗಿದೆ ಎಂದುಕೊಂಡು ಹಾಲ್‌ಗೆ ಬೀಗ ಹಾಕಿದೆ.

ಹುತ್ತರಿಯ ಸಂಜೆ ಅತ್ತೆ ಸೀರೆ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಾಯಿತು. ಟ್ಯಾಕ್ಸಿ ಭಯ್ಯಾ ಕೆಳಗಿನಿಂದ ಹಾರ್ನ್ ಹೊಡೆಯತೊಡಗಿದ. ಬಾಗಿಲು ತಳ್ಳಿದೆ. ಕನ್ನಡಿಗೆ ಬೆನ್ನು ಮಾಡಿ, ಕತ್ತು ಹೊರಳಿಸಿ ನಿಂತಿದ್ದರು. ಎಡಗೈ ಹಿಂದಕ್ಕೇನೋ ಹೋಗಿತ್ತು, ಆದರೆ ಬೆರಳು ನೆರಿಗೆ ಹಿಡಿಯುತ್ತಿರಲಿಲ್ಲ. ಜಾರಿತು. ಮತ್ತೆ ಒಟ್ಟುಮಾಡಿದರು. ಮತ್ತೆ ಜಾರಿತು. ನಾನು ಹೊಸ್ತಿಲಲ್ಲೇ ನಿಂತು, ಹೆಗಲು ಎಷ್ಟು ತಿರುಗುತ್ತಿದೆ ಎಂದು ನೋಡುತ್ತಿದ್ದೆ.

ಅತ್ತೆ ತಮ್ಮ ಬೆನ್ನನ್ನು ನನ್ನ ಕಡೆ ತಿರುಗಿಸಿದರು.

"ನನ್ನ ಕೈಗಂತೂ ಲಕ್ವ ಹೊಡೆದಿದೆ. ನಿನ್ನ ಕೈಗೆ ಏನಾಗಿದೆ?"

ಹತ್ತಿರ ಹೋಗಿ ಹಿಡಿದೆ. ನೆರಿಗೆಯ ಜೊತೆಗೆ ಅವರ ಬೆನ್ನಿನ ಬಿಸಿಯೂ ಕೈಗೆ ತಾಗಿತು. ನನಗೆ ತೋಚಿದಂತೆ ಸಿಕ್ಕಿಸಿದೆ.

"ಹಾಗಲ್ಲ" ಎಂದರು ಅತ್ತೆ. "ಬಿಚ್ಚು. ಮೊದಲಿಂದ ಹೇಳಿಕೊಡ್ತೀನಿ."

ಬಿಚ್ಚಿ, ಅವರು ಹೇಳಿದಂತೆ ಮಡಿಸತೊಡಗಿದೆ. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ನೆರಿಗೆ.