ಮೂಗಿನಲ್ಲಿ ಶಿವನಿಚ್ಛೆ

ಹುನಗುಂದದ ನಮ್ಮ ಗಣಿತದ ಮಾಸ್ತರರು ಸಾವಾದ ಮನೆಗೆಲ್ಲ ಹೋಗಿ, ಕೊರಳಿನ ಲಿಂಗ ಮುಟ್ಟಿಕೊಂಡು, ಮೂಗಿನಲ್ಲಿ "ಶಿವನಿಚ್ಛಾ!" ಎಂದು ಹೇಳಿ, ಚಹಾ ಕುಡಿದು ಬರುತ್ತಿದ್ದರು. ಕಂಡವರ ದನಿಯನ್ನೆಲ್ಲ ಕದಿಯುವ ಮಂಗ ನಾನು. ಆ ಮೂಗಿನ ದನಿ ತೆಗೆದು ಇಡೀ ಬಸ್‌ಸ್ಟ್ಯಾಂಡನ್ನು ನಗಿಸುತ್ತಿದ್ದೆ.

೧೯೮೦ರ ಸುಮಾರಿಗೆ ಅವರ ಮಗಳು ಜ್ವರ ಬಂದು ತೀರಿಕೊಂಡಳು. ಮಾತಾಡಿಸಲು ಹೋದ ನನಗೆ ಏನು ಹೇಳಬೇಕೋ ತಿಳಿಯದೆ, ಬಾಯಿಂದ ಅವರದೇ ದನಿ ಹೊರಟಿತು: "ಶಿವನಿಚ್ಛಾ!"

ಕಪಾಳಕ್ಕೆ ಬಿತ್ತು. "ಭಾಡ್ಯಾ! ನನ್ನ ಮಗಳು ಸತ್ತಾಳಲೇ!"

ನನಗೂ ಸಿಟ್ಟು ನೆತ್ತಿಗೇರಿತು. "ನಮ್ಮಪ್ಪ ಸತ್ತಾಗ ನೀವೂ ಹಿಂಗ ಅಂದ್ರಲ್ರಿ, ಸರ!"

ಅವರು ಎತ್ತಿದ ಕೈ ಕೆಳಗಿಳಿಸಿದರು. "ಇಷ್ಟ ಉರೀತೇನೋ ನಿನಗ?"

"ಇನ್ನೂ ಉರೀತದ್ರಿ."

"ಕುಂಡ್ರು. ಬೈ ನನ್ನ."

ಸಂಕೋಚವಿಲ್ಲದೆ ಬೈದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

ಮುಂದೆ ಸಾವಾದ ಮನೆಗೆ ಹೋದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಯಾರ ಮ್ಯಾಲ ಸಿಟ್ಟೈತಿ, ಹೇಳು." ಆಮೇಲೆ ಸುಮ್ಮನೆ ಕೂತು ಕೇಳುತ್ತಿದ್ದರು. ಒಮ್ಮೆ ಇಳಕಲ್ಲಿನ ಸಾವಿನ ಮನೆಯೊಂದಕ್ಕೆ ನಾನೂ ಜೊತೆಗೆ ಹೋಗಿದ್ದೆ. ಮಗನನ್ನು ಕಳೆದುಕೊಂಡ ನೇಕಾರ ಹೆಣ್ಣುಮಗಳೊಬ್ಬಳು "ನಿಮ್ಮ ಶಿವನ ಮ್ಯಾಲ್ರಿ!" ಎಂದು ಚೀರಿದಳು.

"ನನಗೂ ಅವನ ಮ್ಯಾಲೇ ಸಿಟ್ಟು, ತಂಗೆವ್ವಾ," ಎಂದರು ಮಾಸ್ತರರು. "ದಿನಾ ಪೂಜಿ ಮಾಡ್ತೇನಿ. ದಿನಾ ಬೈತೇನಿ."